ವೈದ್ಯರಿಗೂ ಗಣಕಕ್ಕೂ ನಡುವೆ ನಿಲ್ಲುವ ವಿಶ್ಲೇಷಕ

2013ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 16 ವರ್ಷದ ಬಾಲಕನೊಬ್ಬನಿಗೆ ಒಂದು ಮಾತ್ರೆಯ ಬದಲು ಮೂವತ್ತೆಂಟೂವರೆ ಮಾತ್ರೆಗಳನ್ನು ನುಂಗಿಸಲಾಯಿತು. ಅದು ಸೌಲಭ್ಯವಿಲ್ಲದ ಆಸ್ಪತ್ರೆಯೇನಲ್ಲ. ವೈದ್ಯರ ಸೂಚನೆಯಿಂದ ಹಿಡಿದು ಮಾತ್ರೆಯ ಪೊಟ್ಟಣದವರೆಗೆ ಅಲ್ಲಿ ಎಲ್ಲವೂ ಗಣಕೀಕೃತವಾಗಿತ್ತು.

ನಡೆದದ್ದು ಇಷ್ಟು. 40 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಔಷಧದ ಪ್ರಮಾಣವನ್ನು ದೇಹದ ತೂಕಕ್ಕೆ ಅನುಗುಣವಾಗಿ ಲೆಕ್ಕ ಹಾಕಬೇಕೆಂಬುದು ಅಲ್ಲಿನ ನಿಯಮ. ಬಾಲಕನ ತೂಕ 38.6 ಕೆ.ಜಿ. ಲೆಕ್ಕದಂತೆ 193 ಮಿಲಿಗ್ರಾಂ ಬಂತು. ಆದರೆ ಆ ಮಾತ್ರೆ ದೊರೆಯುವುದು 160 ಮಿಲಿಗ್ರಾಂ ಪ್ರಮಾಣದಲ್ಲಿ. ಆದ್ದರಿಂದ ಸೂಚನೆಯನ್ನು 160ಕ್ಕೆ ತಿದ್ದುವಂತೆ ಫಾರ್ಮಾಸಿಸ್ಟ್ ಕೇಳಿದರು. ವೈದ್ಯರು 160 ಎಂದು ಬೆರಳಚ್ಚಿಸಿದರು. ಪರದೆಯ ಆ ಅಂಕಣ ಮಾತ್ರ ‘ಮಿಲಿಗ್ರಾಂ’ನಲ್ಲಿರಲಿಲ್ಲ, ‘ಪ್ರತಿ ಕೆ.ಜಿ. ತೂಕಕ್ಕೆ ಮಿಲಿಗ್ರಾಂ’ ಎಂಬುದರಲ್ಲಿತ್ತು. ಗಣಕ 160ನ್ನು ಬಾಲಕನ ತೂಕದಿಂದ ಗುಣಿಸಿತು.

ಪ್ರಮಾಣ ಹೆಚ್ಚಾಯಿತೆಂದು ಗಣಕ ಎಚ್ಚರಿಸದೇ ಇರಲಿಲ್ಲ. ಆದರೆ ಪ್ರಮಾಣ ಎಳ್ಳಷ್ಟು ಮೀರಿದಾಗ ಬರುವ ಎಚ್ಚರಿಕೆಗೂ 38 ಪಟ್ಟು ಮೀರಿದಾಗ ಬರುವ ಎಚ್ಚರಿಕೆಗೂ ನೋಟದಲ್ಲಿ ವ್ಯತ್ಯಾಸವಿರಲಿಲ್ಲ. ದಿನವಿಡೀ ಇಂಥ ಎಚ್ಚರಿಕೆಗಳನ್ನು ಕಂಡು ಬೇಸತ್ತಿದ್ದ ವೈದ್ಯರೂ ಫಾರ್ಮಾಸಿಸ್ಟರೂ ಅದನ್ನು ದಾಟಿ ಮುಂದೆ ಹೋದರು. ಔಷಧ ವಿಭಾಗದ ಯಂತ್ರ ತನಗೆ ಹೇಳಿದಷ್ಟು ಮಾತ್ರೆಗಳನ್ನು ಎಣಿಸಿ ಕಟ್ಟಿತು. ಶುಶ್ರೂಷಕಿಗೆ ಸಂದೇಹ ಬಂದರೂ ಬಾರ್‌ಕೋಡ್ ಓದಿದ ಗಣಕ ‘ಸರಿಯಾಗಿದೆ’ ಎಂದಿತು. ಕೆಲವು ಗಂಟೆಗಳ ಬಳಿಕ ಬಾಲಕನಿಗೆ ಫಿಟ್ಸ್ ಬಂತು. ಅದೃಷ್ಟವಶಾತ್ ಆತ ಬದುಕುಳಿದ. ಅದೇ ಆಸ್ಪತ್ರೆಯ ಹಿರಿಯ ವೈದ್ಯ ರಾಬರ್ಟ್ ವಾಕ್ಟರ್ 2015ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಪ್ರಕರಣವನ್ನು ಎಳೆಎಳೆಯಾಗಿ ವಿವರಿಸಿದ್ದಾರೆ.

ಇಲ್ಲಿ ಗಣಕ ಕೆಟ್ಟಿರಲಿಲ್ಲ, ತಂತ್ರಾಂಶ ಸ್ಥಗಿತಗೊಂಡಿರಲಿಲ್ಲ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿತ್ತು. ಹಾಗಾದರೆ ಆ ಅಂಕಣದ ಮಾನ ಯಾವುದಿರಬೇಕು, ಎಚ್ಚರಿಕೆ ಯಾವಾಗ ಮೂಡಬೇಕು, ಯಾವ ಹಂತದಲ್ಲಿ ಗಣಕ ‘ಇದು ಸಾಧ್ಯವಿಲ್ಲ’ ಎಂದು ತಡೆಯಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಅಂತಿಮ ತೀರ್ಮಾನ ವೈದ್ಯರ ಸಮಿತಿಗಳದ್ದು. ಆದರೆ ಆ ಪ್ರಶ್ನೆಗಳನ್ನು ಎತ್ತುವುದು, ಉತ್ತರವನ್ನು ತಂತ್ರಾಂಶದಲ್ಲಿ ಅಳವಡಿಸುವುದು, ಅಳವಡಿಸಿದ್ದನ್ನು ಪರೀಕ್ಷಿಸುವುದು ಒಂದು ಪ್ರತ್ಯೇಕ ವೃತ್ತಿಯೇ ಆಗಿ ಬೆಳೆದಿದೆ. ಅದನ್ನು ಮಾಡುವವರೇ ಕ್ಲಿನಿಕಲ್ ಸಿಸ್ಟಮ್ಸ್ ಅನಲಿಸ್ಟ್, ಅಂದರೆ ಚಿಕಿತ್ಸಾ ಮಾಹಿತಿ ವ್ಯವಸ್ಥೆಯ ವಿಶ್ಲೇಷಕರು.

ಪ್ರೋಗ್ರಾಮರ್ ಅಲ್ಲ, ವೈದ್ಯರೂ ಅಲ್ಲ

ಆಸ್ಪತ್ರೆಯ ಮಾಹಿತಿ ತಂತ್ರಜ್ಞಾನ ಎಂದೊಡನೆ ಹೊರರೋಗಿ ವಿಭಾಗದ ನೋಂದಣಿ ಕೌಂಟರ್, ಬಿಲ್ಲಿಂಗ್, ಪ್ರಿಂಟರ್ ರಿಪೇರಿ ನೆನಪಾಗುವುದು ಸಹಜ. ವಿಶ್ಲೇಷಕರ ಕ್ಷೇತ್ರ ಅದಲ್ಲ. ವೈದ್ಯರು ಬರೆಯುವ ಔಷಧ ಸೂಚನೆ, ಶುಶ್ರೂಷಕಿಯರ ದಾಖಲೆ, ಪ್ರಯೋಗಾಲಯದ ವರದಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಚಿತ್ರ, ಡಿಸ್ಚಾರ್ಜ್ ಸಾರಾಂಶ ಹೀಗೆ ನೇರವಾಗಿ ಚಿಕಿತ್ಸೆಗೆ ಸಂಬಂಧಿಸಿದ ತಂತ್ರಾಂಶವೇ ಅವರ ಕಾರ್ಯಭೂಮಿ.

ಅವರು ಸಾಮಾನ್ಯವಾಗಿ ತಂತ್ರಾಂಶದ ಮೂಲ ಸಂಕೇತವನ್ನು ಬರೆಯುವುದಿಲ್ಲ. ಅದನ್ನು ತಯಾರಕ ಕಂಪೆನಿಯ ಪ್ರೋಗ್ರಾಮರುಗಳು ಬರೆದಿರುತ್ತಾರೆ. ಆದರೆ ಕಂಪೆನಿಯಿಂದ ಬರುವ ತಂತ್ರಾಂಶ ಹೊಲಿಗೆಗೆ ಮುಂಚಿನ ಬಟ್ಟೆಯಂತೆ. ಯಾವ ವಿಭಾಗಕ್ಕೆ ಯಾವ ನಮೂನೆ, ಔಷಧಗಳ ಪಟ್ಟಿಯಲ್ಲಿ ಯಾವುದು ಮೊದಲು, ಯಾರಿಗೆ ಯಾವ ಮಾಹಿತಿ ನೋಡುವ ಅಧಿಕಾರ ಎಂಬುದನ್ನೆಲ್ಲ ಆಯಾ ಆಸ್ಪತ್ರೆಯ ಮೈಗೆ ಅಳತೆ ತೆಗೆದು ಹೊಂದಿಸಬೇಕು. ಅಳತೆ ತೆಗೆಯುವುದು, ಹೊಂದಿಸುವುದು ಎರಡೂ ವಿಶ್ಲೇಷಕರ ಕೆಲಸ.

ನಮ್ಮಲ್ಲಿನ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಇಲ್ಲಿನ ವೈದ್ಯರು ಚೀಟಿಯಲ್ಲಿ 1-0-1 ಎಂದು ಬರೆದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬುದು ರೋಗಿಗೂ ಗೊತ್ತು. ವಿದೇಶದಲ್ಲಿ ರೂಪುಗೊಂಡ ತಂತ್ರಾಂಶಗಳು ‘ದಿನಕ್ಕೆ ಎರಡು ಬಾರಿ’ ಅಥವಾ ‘12 ಗಂಟೆಗೊಮ್ಮೆ’ ಎಂಬ ಲೆಕ್ಕದವು. ಎರಡೂ ಒಂದೇ ಎಂದು ತೋರಿದರೂ ವಾರ್ಡಿನಲ್ಲಿ ಒಂದೇ ಅಲ್ಲ. ಬೆಳಿಗ್ಗೆ 8 ಮತ್ತು ರಾತ್ರಿ 8ಕ್ಕೆ ಔಷಧ ಕೊಡುವ ವಾರ್ಡಿನಲ್ಲಿ ಬೆಳಿಗ್ಗೆ 11ಕ್ಕೆ ಆ್ಯಂಟಿಬಯೋಟಿಕ್ ಸೂಚಿಸಲಾಯಿತು ಎನ್ನೋಣ. ಮೊದಲ ಡೋಸ್ ಕೂಡಲೇ ಹೋಗಬೇಕೆ, ರಾತ್ರಿ 8ಕ್ಕೆ ಹೋಗಬೇಕೆ? ಕಾಗದದ ಕಾಲದಲ್ಲಿ ಅನುಭವಿ ಶುಶ್ರೂಷಕಿ ವೈದ್ಯರನ್ನು ಕೇಳಿ ಆಗಲೇ ಕೊಟ್ಟುಬಿಡುತ್ತಿದ್ದರು. ಗಣಕಕ್ಕೆ ಹೇಳಿಕೊಡದಿದ್ದರೆ ಅದು ರಾತ್ರಿ 8ರವರೆಗೆ ಕಾಯುತ್ತದೆ. ತೀವ್ರ ಸೋಂಕಿನ ರೋಗಿಗೆ ಆ 9 ಗಂಟೆಗಳು ಪ್ರಾಣಾಂತಿಕವಾಗಬಲ್ಲವು. ಈ ಪ್ರಶ್ನೆ ತಂತ್ರಾಂಶದ ಕೈಪಿಡಿಯಲ್ಲಿ ಇರುವುದಿಲ್ಲ. ವಾರ್ಡಿನಲ್ಲಿ ನಿಂತು ನೋಡಿದವರಿಗಷ್ಟೇ ಹೊಳೆಯುತ್ತದೆ.

ಪಿಟ್ಸ್‌ಬರ್ಗ್ ಕಲಿಸಿದ ಪಾಠ

ಆಸ್ಪತ್ರೆಗಳಿಗೆ ಗಣಕ ಬೇಕೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಚಿಕಿತ್ಸೆಯಲ್ಲಿನ ತಪ್ಪುಗಳಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ 1999ರಲ್ಲಿ ಅಂದಾಜಿಸಿತು. ಓದಲಾಗದ ಕೈಬರಹ, ತಪ್ಪಾದ ಪ್ರಮಾಣ, ಕಳೆದುಹೋದ ವರದಿಗಳಿಗೆ ಗಣಕವೇ ಮದ್ದು ಎಂಬ ನಂಬಿಕೆ ಬಲವಾಯಿತು. 2009ರಲ್ಲಿ ಬಂದ ಹೈಟೆಕ್ ಕಾಯ್ದೆಯ ಮೂಲಕ ಅಮೆರಿಕ ಸರ್ಕಾರ ವೈದ್ಯರಿಗೂ ಆಸ್ಪತ್ರೆಗಳಿಗೂ ಗಣಕೀಕರಣಕ್ಕಾಗಿ ಪ್ರೋತ್ಸಾಹಧನ ನೀಡಿತು.

ಆದರೆ ಮದ್ದಿಗೂ ಪಥ್ಯವುಂಟು ಎಂಬುದನ್ನು ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯ ಅನುಭವ ಅದಕ್ಕೂ ಮುಂಚೆಯೇ ತೋರಿಸಿತ್ತು. 2002ರ ಅಕ್ಟೋಬರಿನಲ್ಲಿ ಅಲ್ಲಿ ವೈದ್ಯರ ಸೂಚನೆಗಳನ್ನು ಗಣಕದಲ್ಲೇ ದಾಖಲಿಸುವ ವ್ಯವಸ್ಥೆಯನ್ನು ಕೇವಲ 6 ದಿನಗಳಲ್ಲಿ ಇಡೀ ಆಸ್ಪತ್ರೆಗೆ ವಿಸ್ತರಿಸಲಾಯಿತು. ಬೇರೆ ಆಸ್ಪತ್ರೆಗಳಿಂದ ವರ್ಗಾವಣೆಯಾಗಿ ಬಂದ 1,942 ಮಕ್ಕಳ ದಾಖಲೆಗಳನ್ನು ಅಲ್ಲಿನ ವೈದ್ಯರೇ ಪರಿಶೀಲಿಸಿ 2005ರಲ್ಲಿ ‘ಪೀಡಿಯಾಟ್ರಿಕ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಅಂಕಿಗಳು ವೈದ್ಯಲೋಕವನ್ನು ಬೆಚ್ಚಿಬೀಳಿಸಿದವು. ವ್ಯವಸ್ಥೆ ಬರುವ ಮುಂಚಿನ 13 ತಿಂಗಳಲ್ಲಿ ಶೇ 2.80ರಷ್ಟಿದ್ದ ಮರಣ ಪ್ರಮಾಣ ನಂತರದ 5 ತಿಂಗಳಲ್ಲಿ ಶೇ 6.57ಕ್ಕೆ ಏರಿತ್ತು.

ಕಾರಣಗಳನ್ನು ಹುಡುಕಿದಾಗ ಕಂಡದ್ದು ತಂತ್ರಜ್ಞಾನದ ದೋಷಕ್ಕಿಂತ ಹೆಚ್ಚಾಗಿ ಕೆಲಸದ ಕ್ರಮದ ಬದಲಾವಣೆ. ಮೊದಲು, ಮಗು ಇನ್ನೂ ದಾರಿಯಲ್ಲಿರುವಾಗಲೇ ವೈದ್ಯರು ಔಷಧಗಳನ್ನು ಸೂಚಿಸಿ ಸಿದ್ಧವಾಗಿಡಿಸುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ನೋಂದಣಿ ಮುಗಿಯುವವರೆಗೆ ಸೂಚನೆ ದಾಖಲಿಸಲು ಸಾಧ್ಯವಿರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಗೀಚುತ್ತಿದ್ದ ಒಂದು ಸೂಚನೆಗೆ ಸರಾಸರಿ 10 ಕ್ಲಿಕ್‌ಗಳು, ಒಂದೆರಡು ನಿಮಿಷ ಹಿಡಿಯತೊಡಗಿತು. ತೀವ್ರ ನಿಗಾ ಘಟಕದಲ್ಲೇ ಕೈಗೆಟುಕುತ್ತಿದ್ದ ಔಷಧಗಳು ಕೇಂದ್ರ ಔಷಧ ವಿಭಾಗಕ್ಕೆ ಹೋದವು. ಹಾಸಿಗೆಯ ಪಕ್ಕ ನಿಂತಿರುತ್ತಿದ್ದ ವೈದ್ಯರು ಗಣಕದ ಮುಂದೆ ಕೂರಬೇಕಾಯಿತು.

ಸಿಯಾಟಲ್‌ನ ಮಕ್ಕಳ ಆಸ್ಪತ್ರೆ ಇದೇ ಕಂಪೆನಿಯ ತಂತ್ರಾಂಶವನ್ನು ಅಳವಡಿಸಿತು. 2006ರಲ್ಲಿ ಅದೇ ನಿಯತಕಾಲಿಕದಲ್ಲಿ ಪ್ರಕಟವಾದ ಅಲ್ಲಿನ ವರದಿಯ ಪ್ರಕಾರ ಮರಣ ಪ್ರಮಾಣ ಏರಲಿಲ್ಲ. ತೀವ್ರ ನಿಗಾ ಘಟಕದಲ್ಲಿ ಪದೇಪದೇ ಬೇಕಾಗುವ ಸೂಚನೆಗಳನ್ನು ಗುಚ್ಛಗಳಾಗಿ ಮೊದಲೇ ಸಿದ್ಧಪಡಿಸಿದ್ದು ಅಲ್ಲಿನ ತಯಾರಿಯ ಭಾಗವಾಗಿತ್ತು. ಎರಡು ಆಸ್ಪತ್ರೆಗಳ ಅಧ್ಯಯನಗಳನ್ನು ಮುಂದಿಟ್ಟು ಗಣಕವೇ ಮಕ್ಕಳ ಸಾವಿಗೆ ಕಾರಣವಾಯಿತೆಂದು ಖಚಿತವಾಗಿ ಹೇಳಲಾಗದು. ಮುಂಚಿನ ಮತ್ತು ನಂತರದ ಹೋಲಿಕೆಗೆ ಅಷ್ಟು ಬಲವಿಲ್ಲ. ಆದರೂ ಒಂದೇ ತಂತ್ರಾಂಶ ಎರಡು ಕಡೆ ಎರಡು ಬಗೆಯ ಫಲ ಕೊಡಬಹುದು, ವ್ಯತ್ಯಾಸವಿರುವುದು ಅಳವಡಿಕೆಯ ತಯಾರಿಯಲ್ಲಿ ಎಂಬ ಅರಿವು ಈ ವೃತ್ತಿಗೆ ಮಹತ್ವ ತಂದುಕೊಟ್ಟಿತು.

ಕೆಲಸದ ಹಂತಗಳು

ವಿಶ್ಲೇಷಕರ ಕೆಲಸ ಗಣಕದ ಮುಂದೆ ಅಲ್ಲ, ವಾರ್ಡಿನಲ್ಲಿ ಆರಂಭವಾಗುತ್ತದೆ. ಒಂದು ರಕ್ತದ ಮಾದರಿ ರೋಗಿಯ ತೋಳಿನಿಂದ ಹೊರಟು ವರದಿಯಾಗಿ ವೈದ್ಯರ ಕೈ ಸೇರುವವರೆಗೆ ಎಷ್ಟು ಕೈಗಳನ್ನು ದಾಟುತ್ತದೆ, ಎಲ್ಲಿ ಕಾಯುತ್ತದೆ, ಚೀಟಿ ಯಾರು ಅಂಟಿಸುತ್ತಾರೆ ಎಂಬುದನ್ನು ಅವರು ಹೆಜ್ಜೆ ಹೆಜ್ಜೆಯಾಗಿ ಗುರುತಿಸುತ್ತಾರೆ. ನಿಯಮಾವಳಿಯಲ್ಲಿ ಬರೆದಿರುವುದಕ್ಕೂ ನಿಜವಾಗಿ ನಡೆಯುವುದಕ್ಕೂ ಅಂತರವಿದ್ದೇ ಇರುತ್ತದೆ. ಹಗಲು ಪಾಳಿಯಲ್ಲಿ ನಡೆಯುವುದು ರಾತ್ರಿ ಪಾಳಿಯಲ್ಲಿ ನಡೆಯುವುದಿಲ್ಲ. ಆ ಅಂತರವನ್ನು ಕಾಣುವುದೇ ಮೊದಲ ಹಂತ.

ಎರಡನೆಯದು ಅಳವಡಿಕೆ. ವೈದ್ಯರು, ಶುಶ್ರೂಷಕಿಯರು, ಫಾರ್ಮಾಸಿಸ್ಟರು, ಪ್ರಯೋಗಾಲಯದವರು ಒಪ್ಪಿದ ಕ್ರಮವನ್ನು ತಂತ್ರಾಂಶದ ನಮೂನೆಗಳಿಗೂ ನಿಯಮಗಳಿಗೂ ಇಳಿಸಬೇಕು. ಮೂರನೆಯದು ಪರೀಕ್ಷೆ. ಕಾಲ್ಪನಿಕ ರೋಗಿಗಳನ್ನು ಸೃಷ್ಟಿಸಿ ದಾಖಲಾತಿಯಿಂದ ಬಿಡುಗಡೆಯವರೆಗೆ ನಡೆಸಿ ನೋಡಲಾಗುತ್ತದೆ. ಸರಿಯಾದ ದಾರಿಯಲ್ಲಿ ಹೋದರೆ ಸರಿಯಾದ ಫಲ ಬರುತ್ತದೆಯೇ ಎಂಬುದಷ್ಟೇ ಸಾಲದು. ಅವಸರದಲ್ಲಿರುವ ವೈದ್ಯರು ತಪ್ಪು ಅಂಕಣದಲ್ಲಿ 160 ಎಂದು ಒತ್ತಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು.

ನಂತರ ತರಬೇತಿ, ಚಾಲನೆ. ವ್ಯವಸ್ಥೆ ಆರಂಭವಾಗುವ ದಿನಗಳಲ್ಲಿ ವಿಶ್ಲೇಷಕರು ಹಗಲುರಾತ್ರಿ ವಾರ್ಡಿನಲ್ಲೇ ಇದ್ದು ಸಿಬ್ಬಂದಿಗೆ ನೆರವಾಗುತ್ತಾರೆ. ಕೊನೆಯ ಹಂತವೆಂದರೆ ನಿರ್ವಹಣೆ, ಅದಕ್ಕೆ ಕೊನೆಯೆಂಬುದಿಲ್ಲ. ಹೊಸ ಔಷಧ ಬರುತ್ತದೆ, ಹೊಸ ವಿಭಾಗ ತೆರೆಯುತ್ತದೆ, ಸರ್ಕಾರದ ನಿಯಮ ಬದಲಾಗುತ್ತದೆ. ಪ್ರತಿ ಬದಲಾವಣೆಯನ್ನೂ ಪರೀಕ್ಷಿಸಿ, ದಾಖಲಿಸಿ, ಅನುಮೋದನೆ ಪಡೆದೇ ಮಾಡಬೇಕು. ಒಂದು ವಿಭಾಗಕ್ಕೆ ಅನುಕೂಲವೆಂದು ಮಾಡಿದ ತಿದ್ದುಪಡಿ ಇನ್ನೊಂದರಲ್ಲಿ ಅನಾಹುತ ತರಬಲ್ಲದು.

ಯಾವ ಕೌಶಲಗಳು ಬೇಕು

ಮೊದಲನೆಯದು ಚಿಕಿತ್ಸೆಯ ಭಾಷೆ. ರೋಗನಿರ್ಣಯ ಮಾಡಬೇಕಾಗಿಲ್ಲ, ಆದರೆ ಔಷಧದ ಹೆಸರು, ಪ್ರಮಾಣ, ನೀಡುವ ಮಾರ್ಗ, ಪರೀಕ್ಷೆಗಳ ಅರ್ಥ ತಿಳಿದಿರಬೇಕು. ‘ಎಸ್‌ಒಎಸ್’ ಎಂದರೆ ಅಗತ್ಯವಿದ್ದಾಗ ಮಾತ್ರ ಎಂಬುದನ್ನು ಅರಿಯದವರು ಆ ಔಷಧಕ್ಕೆ ವೇಳಾಪಟ್ಟಿ ಹಾಕಿಬಿಟ್ಟಾರು.

ಎರಡನೆಯದು ದತ್ತಾಂಶದ ಮಾನದಂಡಗಳ ಜ್ಞಾನ. ಒಂದು ಪ್ರಯೋಗಾಲಯ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದು ವರದಿ ಮಾಡಿದರೆ, ಬೇರೆ ಮಾನ ಬಳಸುವ ಇನ್ನೊಂದು ಕಡೆ ಅದೇ ಮೌಲ್ಯ ಲೀಟರಿಗೆ 7 ಮಿಲಿಮೋಲ್ ಆಗುತ್ತದೆ. ಮಾನವನ್ನು ಬಿಟ್ಟು ಸಂಖ್ಯೆ ಮಾತ್ರ ಪಯಣಿಸಿದರೆ ಅನರ್ಥ ಖಚಿತ. ಇಂಥ ಗೊಂದಲ ತಪ್ಪಿಸಲು ಪರೀಕ್ಷೆಗಳನ್ನು ಗುರುತಿಸುವ ಲಾಯಿಂಕ್, ವೈದ್ಯಕೀಯ ಪದಗಳಿಗೆ ಸ್ನೋಮೆಡ್ ಸಿಟಿ, ರೋಗಗಳ ವರ್ಗೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ, ಸ್ಕ್ಯಾನಿಂಗ್ ಚಿತ್ರಗಳಿಗೆ ಡೈಕಾಮ್, ತಂತ್ರಾಂಶಗಳ ನಡುವಣ ಸಂವಹನಕ್ಕೆ ಎಚ್‌ಎಲ್7 ಮತ್ತು ಅದರ ಹೊಸ ರೂಪವಾದ ಫೈರ್ ಎಂಬ ಮಾನದಂಡಗಳಿವೆ. ಇವುಗಳ ಜೊತೆ ದತ್ತಸಂಚಯದಿಂದ ಮಾಹಿತಿ ತೆಗೆಯಲು ಎಸ್‌ಕ್ಯೂಎಲ್ ಗೊತ್ತಿದ್ದರೆ ಕೆಲಸ ಸುಗಮ.

ಮೂರನೆಯದು ಗುರುತಿನ ಸಮಸ್ಯೆಯ ಅರಿವು. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಗುಮಾಸ್ತರು ನಾಲ್ಕು ರೀತಿ ಬರೆದಾರು. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1. ಹೀಗಾಗಿ ಒಬ್ಬನೇ ರೋಗಿಗೆ ಮೂರು ದಾಖಲೆ ಸಂಖ್ಯೆಗಳು ಸೃಷ್ಟಿಯಾಗುತ್ತವೆ. ಪೆನಿಸಿಲಿನ್ ಒಗ್ಗದು ಎಂಬ ಟಿಪ್ಪಣಿ ಒಂದು ಸಂಖ್ಯೆಯಲ್ಲಿದ್ದು, ಈ ಬಾರಿ ತೆರೆದದ್ದು ಇನ್ನೊಂದಾದರೆ ಗಣಕ ಮೌನವಾಗಿರುತ್ತದೆ. ಅದಕ್ಕಿಂತ ಅಪಾಯಕಾರಿಯೆಂದರೆ ಇಬ್ಬರು ಮಂಜುನಾಥರ ದಾಖಲೆಗಳು ಒಂದಾಗಿಬಿಡುವುದು.

ನಾಲ್ಕನೆಯದು ಕೇಳುವ ತಾಳ್ಮೆ. ‘ಈ ಸಿಸ್ಟಂ ಸರಿಯಿಲ್ಲ’ ಎಂದು ಸಿಡಿಮಿಡಿಗೊಳ್ಳುವ ವೈದ್ಯರ ಮಾತಿನ ಹಿಂದೆ ನಿಜವಾದ ತೊಡಕು ಯಾವುದೆಂದು ಪತ್ತೆ ಹಚ್ಚಬೇಕು. ಹಿರಿಯ ವೈದ್ಯರ ಎದುರು ಬಾಯಿ ತೆರೆಯದ ಕಿರಿಯ ಶುಶ್ರೂಷಕಿಯನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು. ಎಷ್ಟೋ ಬಾರಿ ಅತ್ಯಂತ ಮುಖ್ಯವಾದ ಸಂಗತಿ ತಿಳಿದಿರುವುದು ಅವರಿಗೇ.

ಭಾರತದ ಚಿತ್ರ

ಭಾರತ ಸರ್ಕಾರ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2020ರ ಆಗಸ್ಟ್ 15ರಂದು ಘೋಷಣೆಯಾಗಿ 6 ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಡಿಜಿಟಲ್ ಆರೋಗ್ಯ ಯೋಜನೆ, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಯಿತು. ಅದರಡಿ ನೀಡುವ 14 ಅಂಕಿಗಳ ‘ಆಭಾ’ ಸಂಖ್ಯೆಗಳು 2025ರ ಫೆಬ್ರುವರಿ ವೇಳೆಗೆ 73 ಕೋಟಿ ದಾಟಿದ್ದವು. ಇಲ್ಲಿ ದಾಖಲೆಗಳೆಲ್ಲ ಒಂದೇ ಕಣಜಕ್ಕೆ ಹೋಗುವುದಿಲ್ಲ. ಸೃಷ್ಟಿಯಾದ ಆಸ್ಪತ್ರೆ ಅಥವಾ ಪ್ರಯೋಗಾಲಯದಲ್ಲೇ ಉಳಿದು, ರೋಗಿಯ ಒಪ್ಪಿಗೆ ದೊರೆತಾಗ ಮಾತ್ರ ಮತ್ತೊಂದು ಕಡೆಗೆ ಫೈರ್ ರೂಪದಲ್ಲಿ ಸಾಗುತ್ತವೆ. ಸಂಖ್ಯೆ ಕೊಡುವುದು ಸುಲಭ; ಒಂದು ಆಸ್ಪತ್ರೆಯ ದಾಖಲೆ ಇನ್ನೊಂದು ಆಸ್ಪತ್ರೆಗೆ ಅರ್ಥವಾಗುವಂತೆ ಮಾಡುವುದು ಕಷ್ಟ. ಅಲ್ಲಿ ವಿಶ್ಲೇಷಕರು ಬೇಕು.

ಕರ್ನಾಟಕದಲ್ಲಿ 2021ರಲ್ಲಿ ಚಾಲನೆಗೊಂಡ ‘ಇ-ಮನಸ್’ ಇಂಥ ಪ್ರಯತ್ನಗಳಲ್ಲೊಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಅಗತ್ಯಗಳಿಗೆ ಅನುಗುಣವಾಗಿ ರಾಜ್ಯ ಸರ್ಕಾರ, ನಿಮ್ಹಾನ್ಸ್ ಮತ್ತು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಸೇರಿ ಇದನ್ನು ರೂಪಿಸಿದವು. ಮನೋರೋಗಿಯ ದಾಖಲೆಯನ್ನು ಯಾರು ನೋಡಬಹುದು, ಎಷ್ಟು ನೋಡಬಹುದು ಎಂಬುದು ಬರೀ ತಾಂತ್ರಿಕ ಪ್ರಶ್ನೆಯಲ್ಲ. ಒಬ್ಬರ ಮಾನ ಮತ್ತು ಹಕ್ಕಿನ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿದೆ.

ಗಣಕ ನಿಂತರೆ ಏನು ಎಂಬ ಪ್ರಶ್ನೆಗೆ 2022ರ ನವೆಂಬರ್ 23 ಉತ್ತರ ಕೊಟ್ಟಿತು. ಅಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಸೈಬರ್ ದಾಳಿಗೆ ತುತ್ತಾಗಿ, ನೋಂದಣಿಯಿಂದ ಪ್ರಯೋಗಾಲಯದವರೆಗಿನ ಕೆಲಸಗಳನ್ನು ಸುಮಾರು 2 ವಾರ ಕೈಬರಹದಲ್ಲೇ ನಡೆಸಬೇಕಾಯಿತು. ವ್ಯವಸ್ಥೆ ಸ್ಥಗಿತಗೊಂಡಾಗ ಯಾವ ಕಾಗದ, ಯಾವ ಕ್ರಮ, ಮತ್ತೆ ಆರಂಭವಾದಾಗ ಕಾಗದದ ಮಾಹಿತಿಯನ್ನು ಗಣಕಕ್ಕೆ ಸೇರಿಸುವುದು ಹೇಗೆ ಎಂಬ ಯೋಜನೆಯನ್ನು ಮೊದಲೇ ಸಿದ್ಧಪಡಿಸಿ, ಅಭ್ಯಾಸ ಮಾಡಿಸುವುದರಲ್ಲೂ ವಿಶ್ಲೇಷಕರ ಪಾತ್ರವಿದೆ.

ಪ್ರವೇಶ ಹೇಗೆ

ಈ ವೃತ್ತಿಗೆ ಬರಲು ಎರಡು ಬಾಗಿಲುಗಳಿವೆ. ಶುಶ್ರೂಷೆ, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞಾನ ಕಲಿತು ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದವರು ಗಣಕವನ್ನು ಕಲಿತು ಬರುತ್ತಾರೆ. ಎಂಜಿನಿಯರಿಂಗ್ ಅಥವಾ ಎಂಸಿಎ ಪದವೀಧರರು ಆಸ್ಪತ್ರೆಯನ್ನು ಕಲಿತು ಬರುತ್ತಾರೆ. ಎರಡನ್ನೂ ಒಟ್ಟಿಗೆ ಕಲಿಸುವ ವ್ಯಾಸಂಗವೂ ಉಂಟು. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯ ಪದವಿ ಶಿಕ್ಷಣವಿದೆ. ಹಿಮ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹೊಸಬರಿಗೂ ಅನುಭವಿಗಳಿಗೂ ಪ್ರಮಾಣಪತ್ರ ಪರೀಕ್ಷೆಗಳನ್ನು ನಡೆಸುತ್ತದೆ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಪೂರಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ 10 ವರ್ಗಗಳಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯೂ ಒಂದು. ಎಂದರೆ ಇದು ಕಾನೂನಿನ ಕಣ್ಣಿನಲ್ಲೂ ಆರೋಗ್ಯ ಸೇವೆಯ ವೃತ್ತಿಯೇ.

ಉದ್ಯೋಗಾವಕಾಶ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಲ್ಲ. ಫಿಲಿಪ್ಸ್, ಜಿಇ ಹೆಲ್ತ್‌ಕೇರ್, ಸೀಮೆನ್ಸ್ ಹೆಲ್ತಿನಿಯರ್ಸ್ ಕಂಪೆನಿಗಳೂ 2022ರಲ್ಲಿ ಸರ್ನರ್ ಸಂಸ್ಥೆಯನ್ನು ಕೊಂಡ ಆರಕಲ್ ಕೂಡ ಬೆಂಗಳೂರಿನಲ್ಲಿ ಕೇಂದ್ರಗಳನ್ನು ಹೊಂದಿವೆ. ಆದರೆ ಕಂಪೆನಿಯ ಕಚೇರಿಯಲ್ಲಿ ಕುಳಿತೇ ಈ ವೃತ್ತಿಯನ್ನು ಪೂರ್ತಿ ಕಲಿಯಲಾಗದು. ಬಿಎಸ್‌ಸಿ ನರ್ಸಿಂಗ್ ಓದಿ ವಾರ್ಡಿನಲ್ಲಿ ಐದು ವರ್ಷ ಕಳೆದವರಿಗೆ ಗಣಕದ ಜ್ಞಾನ ಇಲ್ಲವೆಂಬ ಅಳುಕು ಬೇಡ. ಕಲಿಯಲು ಹೆಚ್ಚು ಕಾಲ ಹಿಡಿಯುವ ಅರ್ಧವನ್ನು ಅವರು ಆಗಲೇ ಕಲಿತಿರುತ್ತಾರೆ.

ಆಸ್ಪತ್ರೆಗಳ ಆಡಳಿತ ಗಮನಿಸಬೇಕಾದ ಅಂಶವೂ ಒಂದಿದೆ. ತಂತ್ರಾಂಶ ಖರೀದಿಗೆ ಹಣ ತೆಗೆದಿಟ್ಟು, ಚಾಲನೆಯಾದ ತಿಂಗಳೊಳಗೆ ಅಳವಡಿಕೆಯ ತಂಡವನ್ನು ಚದುರಿಸಿಬಿಡುವುದು ವೆಚ್ಚ ಉಳಿಸುವ ಸುಲಭ ದಾರಿಯಾಗಿ ಕಾಣಬಹುದು. ಆದರೆ ಸಿಬ್ಬಂದಿ ವ್ಯವಸ್ಥೆಯನ್ನು ನಿಜವಾಗಿ ಬಳಸತೊಡಗುವುದು, ಎಚ್ಚರಿಕೆಗಳನ್ನು ಓದದೆ ದಾಟಲು ಕಲಿಯುವುದು, ಕಾಗದದ ತುಂಡಿನಲ್ಲಿ ಗುಟ್ಟಾಗಿ ಬರೆದಿಟ್ಟುಕೊಳ್ಳುವ ಅಡ್ಡದಾರಿ ಹಿಡಿಯುವುದು ಆ ನಂತರವೇ. ಅದನ್ನು ಗಮನಿಸಿ ತಿದ್ದಲು ವಾರ್ಡಿಗೆ ಬಂದುಹೋಗುವ ಒಬ್ಬ ವಿಶ್ಲೇಷಕರಾದರೂ ಆಸ್ಪತ್ರೆಯ ಸಿಬ್ಬಂದಿ ಪಟ್ಟಿಯಲ್ಲಿ ಕಾಯಂ ಆಗಿ ಇರಬೇಕು.